ಸಾರಿಸದ ಅಂಗಳ

“ಯಾರಪ್ಪಾ ಓದ್ರು?” ಎಂದು ಅಶ್ವತ್ಥಪ್ಪ ರಸ್ತೆಯ ಮೇಲೆ ನಿಂತು ಕೇಳಿದಾಗ ಕೋದಂಡಪ್ಪ ತನ್ನ ಮನೆಯ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಸೈಕಲ್ಲಿನ ಕಡ್ಡಿಯಿಂದ ಕಲ್ಲಿನ ಸಂದಿ ಕೆರೆಯುತ್ತಿದ್ದ. ಹೋದವರು ಯಾರೂ ಇರಲಿಲ್ಲ. ಮನೆಯಲ್ಲಿರುವವರು ಅವನು, ಅವನ ತಾಯಿ ಚಿಕ್ಕವೆಂಕಟಮ್ಮ, ಹೆಂಡತಿ ವೆಂಕಟರತ್ನಮ್ಮ ಅಷ್ಟೇ. ಎಲ್ಲರೂ ಗುಂಡುಕಲ್ಲಿನ ಹಾಗಿದ್ದರು. ಅದು ಅಶ್ವತ್ಥಪ್ಪನಿಗೂ ಚೆನ್ನಾಗಿ ಗೊತ್ತು. ಊರಿನ ಹಾಲಿನ ಡೈರಿಯ ಸೆಕ್ರೆಟರಿ ಆತ. ದಿನಾ ಬೆಳಿಗ್ಗೆ ಡೈರಿಯ ಬಾಗಿಲು ತೆಗೆಯಲು ಹೋಗುವಾಗ ಇಲ್ಲಿ ನಿಂತು ಈ ಒಂದು ಮಾತು ಆಡದಿದ್ದರೆ ಆ ಮನುಷ್ಯನಿಗೆ ತಿಂದದ್ದು ಅರಗುತ್ತಿರಲಿಲ್ಲ. ಬಂಗಾರಪೇಟೆಯ ಸುತ್ತಿನ ಊರುಗಳಲ್ಲಿ ಬೆಳಕು ಹರಿದ ಮೇಲೂ ಬಾಗಿಲ ಮುಂದೆ ಸಗಣಿಯ ಬಗ್ಗಡ ಬೀಳದೆ, ಒಂದೆಳೆ ರಂಗೋಲಿ ಕಾಣದೆ ಅಂಗಳ ಬೋಳಾಗಿ ಬಿದ್ದಿದ್ದರೆ ಒಳಗೆ ಹೆಣ ಇದೆ ಎಂದೇ ಅರ್ಥ. ಕೇಳಬೇಕಾಗಿಲ್ಲ, ಹೇಳಬೇಕಾಗಿಲ್ಲ, ದಾರಿಯಲ್ಲಿ ಹೋಗುವವರು ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಕೋದಂಡಪ್ಪನ ಅಂಗಳ ಎರಡು ಮಳೆಗಾಲದಿಂದ ಹಾಗೆ ಬೋಳಾಗಿತ್ತು. “ಯಾರೂ ಓಗಿಲ್ಲ ಕಣಣ್ಣಾ,” ಎಂದು ಅವನು ಹಲ್ಲು ಬಿಟ್ಟು ನಕ್ಕ. ಕೈಯಲ್ಲಿದ್ದ ಕಡ್ಡಿಯ ತುದಿ ಚೂಪಾಗಿತ್ತು. ಎದ್ದು ರಸ್ತೆಗೆ ಹಾರಿದರೆ ಸಾಕು, ಆ ನಗುವ ಕಣ್ಣಿಗೆ ಅದನ್ನು ಚುಚ್ಚಿ ಒಂದು ಸುತ್ತು ತಿರುಗಿಸಬಹುದು, ಸಂದಿಯಿಂದ ಹುಲ್ಲಿನ ಬೇರು ಕೀಳುವ ಹಾಗೆ ಕೀಳಬಹುದು ಎನ್ನಿಸಿತು. ಎನ್ನಿಸಿದ್ದಷ್ಟೇ ಅಲ್ಲ, ಆ ಮೇಲೆ ಬರುವ ಕೂಗು ಕೂಡ ಕಿವಿಗೆ ಬಿತ್ತು. ಅಶ್ವತ್ಥಪ್ಪ ಹಾಲಿನ ಕ್ಯಾನು ಅಲ್ಲಾಡಿಸುತ್ತಾ ಮುಂದೆ ಹೋದ. ಕೋದಂಡಪ್ಪ ಮತ್ತೆ ಕೂತು ಕೆರೆಯತೊಡಗಿದ.

ಇವರಿಗೇನು ಗೊತ್ತು. ಸರ್ಕಾರದವರು ಈ ರಸ್ತೆಗೆ ಜಲ್ಲಿ ಸುರಿಯುತ್ತಾ ಸುರಿಯುತ್ತಾ ಅದನ್ನು ಮನೆಗಳ ಹೊಸಿಲಿಗಿಂತ ಎದೆಯುದ್ದ ಎತ್ತರ ಮಾಡಿದರು. ಎಲ್ಲರ ಮನೆಯೂ ಗುಂಡಿಗೆ ಬಿತ್ತು, ಇವನದು ಎಲ್ಲರಿಗಿಂತ ತಗ್ಗಿಗೆ. ಮದರಾಸಿನ ಕಡೆ ತುಫಾನು ಎದ್ದರೆ ಇಲ್ಲಿ ಕಾರ್ತೀಕದ ಮಳೆ ಹಗಲೂ ರಾತ್ರಿ ಬೀಳುತ್ತದೆ. ಹಾಗೆ ಬಿದ್ದ ಒಂದು ಸಲ ರಸ್ತೆಯ ನೀರೆಲ್ಲ ಅಂಗಳಕ್ಕೆ ಇಳಿದು, ಅಂಗಳದಿಂದ ಹೊಸಿಲು ದಾಟಿ, ರಾಗಿ ಮೂಟೆಗಳ ಕೋಣೆಗೆ ನುಗ್ಗಿ, ಮಣ್ಣಿನ ಗೋಡೆ ಬುಡದಲ್ಲಿ ನೆನೆದು ಕುಸಿಯತೊಡಗಿತು. ಆ ಕೋಣೆಯಲ್ಲೇ ಅಮ್ಮ ಮಲಗಿದ್ದಳು. ಅವಳ ಎರಡು ಕಾಲು ಹಿಡಿದು ಎಳೆದದ್ದು, ಎಳೆದ ಬಿರುಸಿಗೆ ಅವಳ ತಲೆ ಹೊಸಿಲಿಗೆ ಬಡಿದದ್ದು, ಹಿಂದೆಯೇ ಗೋಡೆ ಧೊಪ್ಪನೆ ಅವಳ ಚಾಪೆಯ ಮೇಲೆ ಬಿದ್ದದ್ದು ಅವನಿಗೆ ಈಗಲೂ ಆಗಾಗ ಕಾಲಿನ ಮೀನಖಂಡದಲ್ಲಿ ನಡುಕವಾಗಿ ಬರುತ್ತಿತ್ತು. ಅವತ್ತು ಮೊಣಕಾಲುದ್ದ ನೀರಲ್ಲಿ ನಿಂತು ನೀರಿಗೇ ಬೈದಿದ್ದ. ನಿನ್ನ ಮನೆ ಹಾಳಾಗ, ನಿನ್ನನ್ನು ಹೂತುಬಿಡ್ತೀನಿ ಎಂದಿದ್ದ. ಹೂತೂ ಬಿಟ್ಟ. ಕೋರಮಂಡಲ್‌ನಲ್ಲಿ ಚಿನ್ನದ ಗಣಿಯ ಬಿಳಿ ದೊರೆಗಳ ಕಾಲದ ಹಳೇ ಬಂಗಲೆಯೊಂದರ ಹಿತ್ತಲು ರಿಪೇರಿಗೆ ಹೋಗಿದ್ದಾಗ ಅವನು ನೋಡಿದ್ದು ಇದು: ಕಲ್ಲಿನ ಹಾಸು, ಗಾರೆ ಇಲ್ಲ, ಕಲ್ಲಿಗೂ ಕಲ್ಲಿಗೂ ಮಧ್ಯೆ ಬೆರಳು ಹೋಗುವಷ್ಟು ಸಂದಿ, ಬಿಂದಿಗೆ ನೀರು ಸುರಿದರೆ ಸುರಿದ ಕಡೆಯೇ ಕಾಣೆ. ಒಂದು ಕಲ್ಲು ಮೀಟಿ ನೋಡಿದರೆ ಕೆಳಗೆ ದಪ್ಪ ಮರಳು, ಮರಳಿನ ಕೆಳಗೆ ಸಣ್ಣ ಜಲ್ಲಿ, ಅದರ ಕೆಳಗೆ ತಲೆಗಾತ್ರದ ಗುಂಡುಗಳು. ಅಷ್ಟೇ. ಅದನ್ನು ತಂದು ತನ್ನ ಅಂಗಳದಲ್ಲಿ ಇಳಿಸಿದ. ಸೊಂಟದುದ್ದ ಅಗೆದು ಗಟ್ಟಿ ಮೊರಂ ಮಣ್ಣು ಸಿಗುವವರೆಗೂ ಇಳಿದ, ಗುಂಡು ತುಂಬಿದ, ಜಲ್ಲಿ ತುಂಬಿದ, ಮರಳು ಹಾಸಿದ, ಕಲ್ಲು ಕೂರಿಸಿದ, ರಸ್ತೆಯ ಕೆಸರು ಇಳಿಯದಂತೆ ಅಂಚಿಗೆ ಒಂದು ಗಿಡ್ಡ ಕಟ್ಟೆ ಕಟ್ಟಿದ. ಮುಂದಿನ ಕಾರ್ತೀಕದಲ್ಲಿ ಊರಿನ ಜನ ಗೋಣಿಕೊಪ್ಪೆ ಹಾಕಿಕೊಂಡು ಬಂದು ನೋಡಿದರು. ಆಕಾಶ ಕಳಚಿ ಬೀಳುತ್ತಿತ್ತು, ಅಂಗಳದಲ್ಲಿ ಒಂದು ಸೌಟು ನೀರು ನಿಲ್ಲಲಿಲ್ಲ. ಅವನು ಹೊಸಿಲ ಮೇಲೆ ಕೂತು ಬೀಡಿ ಸೇದಿದ. ಅಂಥ ಬೀಡಿ ಅವನು ಜನ್ಮದಲ್ಲಿ ಸೇದಿರಲಿಲ್ಲ.

ಆದರೆ ಈ ಅಂಗಳಕ್ಕೆ ಒಂದು ಶತ್ರು ಇತ್ತು, ಅದು ನೀರಲ್ಲ, ನುಣುಪು. ನುಣ್ಣನೆಯ ಮಣ್ಣು, ಹೊಟ್ಟು, ಬೂದಿ, ಸಗಣಿ, ಏನು ಬಿದ್ದರೂ ಸಂದಿ ಹೂಳುತ್ತದೆ. ಸಂದಿ ಹೂತರೆ ಅಂಗಳ ಸತ್ತ ಹಾಗೆ. ಆದ್ದರಿಂದ ರಾಗಿ ತೂರಬಾರದು, ಗಾಡಿ ನಿಲ್ಲಿಸಬಾರದು, ಎಮ್ಮೆ ಕಟ್ಟಬಾರದು. ಸಗಣಿ ಸಾರಿಸುವ ಮಾತಂತೂ ಎತ್ತಲೇಬಾರದು. ವೆಂಕಟರತ್ನಮ್ಮ ಮೊದಲ ಯುಗಾದಿಯ ಬೆಳಿಗ್ಗೆ ಎತ್ತಿದ್ದಳು. ಮಾತಲ್ಲ, ಬಗ್ಗಡದ ಮಡಕೆಯನ್ನೇ ಎತ್ತಿಕೊಂಡು ಬಂದು ಬಾಗಿಲ ಮುಂದೆ ಬಗ್ಗಿದ್ದಳು. ತಲೆಗೆ ನೀರು ಹಾಕಿಕೊಂಡಿದ್ದಳು, ಹೊಸ ಸೀರೆ ಉಟ್ಟಿದ್ದಳು. ಅವನು ಒಳಗಿಂದ ಓಡಿ ಬಂದು ಮಡಕೆಗೆ ಒದ್ದ. ಮಡಕೆ ರಸ್ತೆಯ ಕಟ್ಟೆಗೆ ಬಡಿದು ಚೂರಾಯಿತು, ಬಗ್ಗಡ ಅವಳ ಸೀರೆಗೂ ಮುಖಕ್ಕೂ ಎರಚಿತು. ಡೈರಿಗೆ ಹೊರಟಿದ್ದ ಹೆಂಗಸರು ಸಾಲಾಗಿ ನಿಂತು ನೋಡಿದರು. ಅವಳು ಕೆನ್ನೆ ಒರೆಸಿಕೊಳ್ಳಲೂ ಇಲ್ಲ, “ಅಬ್ಬದ ದಿನ ಕಣೋ,” ಎಂದಳು ಅಷ್ಟೇ, ಮಕ್ಕಳಿಗೆ ಹೇಳುವ ಹಾಗೆ. ಆ ‘ಕಣೋ’ ಅವನನ್ನು ಇನ್ನೂ ಕೆರೆಯುತ್ತಿತ್ತು. ಅಮ್ಮ ಒಳಗಿನಿಂದ, “ಮನೇನ ಸ್ಮಶಾನ ಮಾಡ್ಬುಟ್ಟ, ಇವ್ನ ಕೈ ಸೇದೋಗ,” ಎಂದು ಶಾಪ ಹಾಕಿದಳು. ಸೇದಿಹೋಗಲಿ ಬಿಡು, ನಿನ್ನನ್ನು ಗೋಡೆ ಕೆಳಗಿಂದ ಎಳೆದದ್ದು ಇದೇ ಕೈಯಲ್ಲವೇ ಎಂದು ಅವನು ಕೂಗಿದ್ದ. ಅವತ್ತಿನಿಂದ ಆ ಮನೆಯಲ್ಲಿ ಸಗಣಿಯ ಮಾತು ನಿಂತಿತು. ಹೆಂಡತಿ ಬೆಳಿಗ್ಗೆ ಒಣ ಪೊರಕೆಯಿಂದ ಗುಡಿಸುತ್ತಿದ್ದಳು, ಅಂಗಳ ಕನ್ನಡಿಯಾಗಿತ್ತು. ಸಂಜೆ ಅವನು ಬರುವ ಹೊತ್ತಿಗೆ ಕಲ್ಲುಗಳು ತೊಳೆದು ಒದ್ದೆಯಾಗಿರುತ್ತಿದ್ದವು. ಗಂಡ ಹಾಸಿದ ಕಲ್ಲಿನ ಮೇಲೆ ಇವಳಿಗೂ ಅಕ್ಕರೆ ಬಂದಿದೆ, ನೀರು ಹಾಕಿ ತೊಳೆಯುತ್ತಾಳೆ ಎಂದು ಅವನು ಒಳಗೊಳಗೇ ಉಬ್ಬಿದ್ದ. ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಿದರೆ ಹೆಣ್ಣುಗಳು ತಲೆ ಮೇಲೆ ಕೂರುತ್ತವೆ.

ಇವತ್ತು ಸಂದಿ ಕೆರೆದು ಮುಗಿಸಿ, ಸೈಕಲ್ಲಿನಲ್ಲಿ ಬಂಗಾರಪೇಟೆ ಸ್ಟೇಷನ್ನಿಗೆ ಬಂದು ರೈಲು ಹತ್ತಿದಾಗ ಮೂಡಲ ದಿಕ್ಕು ಕಪ್ಪಿಟ್ಟಿತ್ತು. ತುಫಾನಂತೆ, ಮದರಾಸಿನಲ್ಲಿ ಮರಗಳೆಲ್ಲ ಬುಡಮೇಲಂತೆ ಎಂದು ಪಕ್ಕದಲ್ಲಿ ಕೂತವರು ಹೇಳುತ್ತಿದ್ದರು. ಬರಲಿ ಎಂದುಕೊಂಡ. ಊರೆಲ್ಲ ಮುಳುಗಲಿ, ಅಶ್ವತ್ಥಪ್ಪನ ಮನೆಗೆ ನುಗ್ಗಿ ಅವನ ಹೆಂಡತಿ ಮಕ್ಕಳನ್ನೆಲ್ಲ ಅಟ್ಟ ಹತ್ತಿಸಲಿ, ಆಗ ಅವನು ಬಂದು ನನ್ನ ಅಂಗಳದಲ್ಲಿ ಒಣಗಿದ ಕಾಲಲ್ಲಿ ನಿಂತು ಕೇಳಲಿ ಯಾರಪ್ಪಾ ಓದ್ರು ಅಂತ. ರೈಲು ಕೋರಮಂಡಲ್ ದಾಟಿ ಉರಿಗಾಂಗೆ ಬಂದಾಗ ಎಂದಿನಂತೆ ಚಿನ್ನ ತೆಗೆದ ಮೇಲೆ ಸುರಿದ ಬಿಳಿ ಸಯನೈಡ್ ದಿಬ್ಬಗಳ ಮೇಲಿಂದ ನುಣ್ಣನೆ ದೂಳು ಎದ್ದು ಕಿಟಕಿಯೊಳಗೆ ಬಂತು. ಅವನು ಮೂಗು ಮುಚ್ಚಿಕೊಂಡ. ಉರಿಗಾಂ ಬಂದರೆ ಹೆಂಡತಿಯ ಅಪ್ಪ ನೆನಪಾಗುತ್ತಾನೆ, ಅವನನ್ನು ನೋಡಿಯೇ ಇರಲಿಲ್ಲ ಆದರೂ. ಇಲ್ಲಿ ಗಣಿಗೆ ಇಳಿಯುತ್ತಿದ್ದನಂತೆ. ಒಂದು ಬೆಳಿಗ್ಗೆ ಇವಳ ಅವ್ವನಿಗೆ ಜ್ವರ, ಏಳಲಾಗದೆ ಬಾಗಿಲಿಗೆ ನೀರು ಹಾಕದೆ ಮಲಗಿದ್ದಳು. ಆತ ಬೋಳು ಅಂಗಳ ದಾಟಿಕೊಂಡು ಕೆಲಸಕ್ಕೆ ಹೋದ. ಮಧ್ಯಾಹ್ನ ಭೂಮಿಯೊಳಗೆ ಬಂಡೆ ಸಿಡಿದು ಮನೆಯ ಪಾತ್ರೆಗಳೆಲ್ಲ ಗಡಗಡ ನಡುಗಿದವಂತೆ. ಆತನನ್ನು ಮೇಲೆ ತಂದಾಗ ಮುಖ ಇರಲಿಲ್ಲವಂತೆ. ಮದುವೆಯಾದ ಹೊಸದರಲ್ಲಿ ವೆಂಕಟರತ್ನಮ್ಮ ಇದನ್ನು ಹೇಳಿ ಅವನ ಮುಖ ನೋಡಿದ್ದಳು. ಅವನು ನಕ್ಕುಬಿಟ್ಟಿದ್ದ. ಬಂಡೆಗೇನು ಕಣ್ಣಿದೆಯಾ ನಿಮ್ಮವ್ವನ ರಂಗೋಲಿ ನೋಡೋಕೆ ಎಂದಿದ್ದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಯಾಕೋ ಇವತ್ತು ಅದು ನೆನಪಾಗಿ ಅವನಿಗೆ ಅವಳ ಮೇಲೆ ಸಿಟ್ಟು ಬಂತು.

ಚಾಂಪಿಯನ್‌ನಲ್ಲಿ ಇಳಿದು ಆಂಡರ್ಸನ್‌ಪೇಟೆಗೆ ನಡೆದ. ಅಲ್ಲಿ ಶ್ರೀನಿವಾಸಪ್ಪ ಎಂಬ ಕಂಟ್ರಾಕ್ಟರು ಒಂದು ಕಲ್ಯಾಣ ಮಂಟಪ ಕಟ್ಟಿಸುತ್ತಿದ್ದ, ಕೋದಂಡಪ್ಪ ಅವನ ಕೈಕೆಳಗೆ ಮೇಸ್ತ್ರಿ. ಮಂಟಪದ ಮುಂದಿನ ಬಯಲಿಗೆ ಕಲ್ಲು ಹಾಸುವ ಕೆಲಸ ಇವನದೇ. ತನ್ನ ಅಂಗಳದ ಹಾಗೆಯೇ ಸಂದಿ ಬಿಟ್ಟು ಹಾಸಿದ್ದ, ಮನೆಯಲ್ಲಿ ತೋರಿಸಲಾಗದ ಜಂಬವನ್ನೆಲ್ಲ ಅಲ್ಲಿ ತೋರಿಸಿದ್ದ. ಶ್ರೀನಿವಾಸಪ್ಪ ಸ್ಕೂಟರ್ ನಿಲ್ಲಿಸಿ, ಇಳಿಯದೆ, ಒಂದು ಕಾಲು ಊರಿಕೊಂಡು ನೋಡಿದ. “ಏನಯ್ಯಾ ಇದು ಹಲ್ಲುಬಿದ್ದ ಮುದುಕಿ ಬಾಯಿದ್ದಂಗೆ? ಬೀಗರು ಬತ್ತಾರೆ, ಹೆಣ್ಣುಮಕ್ಕಳ ಚಪ್ಪಲಿ ಸಿಕ್ಕಾಕೊಂಡ್ರೆ ಯಾರಿಗೆ ಬೈಗುಳ? ಸಿಮೆಂಟ್ ಹಾಕಿ ಮುಚ್ಚು.” ಕೋದಂಡಪ್ಪ, “ಸಾರ್, ನೀರು ಇಂಗಕ್ಕೆ...” ಎಂದ. “ನೀರಿಗೆ ಚರಂಡಿ ಇದೆ, ನಿಂಗೆ ಕೂಲಿ ಇದೆ. ಮುಚ್ಚು ಅಂದ್ರೆ ಮುಚ್ಚು.” ಸುತ್ತ ಕೆಲಸದವರು ಕೈ ನಿಲ್ಲಿಸಿ ನೋಡುತ್ತಿದ್ದರು. ಆಗ ಹೇಳಬೇಕಾದ ಮಾತು ಗಂಟಲಲ್ಲಿತ್ತು. ಸಲಿಕೆಯೂ ಕೈಯಲ್ಲಿತ್ತು. ಸಲಿಕೆಯ ಅಂಚನ್ನು ಆ ಊರಿಕೊಂಡ ಕಾಲಿನ ಮೇಲೆ ಇಳಿಸಿದರೆ ಪಾದ ಎರಡಾಗುತ್ತದೆ, ಸ್ಕೂಟರ್ ಸಮೇತ ಮಗುಚುತ್ತಾನೆ, ಆಮೇಲೆ ಬಾಯಿಗೆ ಗಾರೆ ತುಂಬಬೇಕು, ನೀರು ಹಾಕಿ ಕ್ಯೂರಿಂಗ್ ಮಾಡಬೇಕು. “ಆಯ್ತು ಸಾರ್,” ಎಂದಿತು ಅವನ ಬಾಯಿ. ಸ್ಕೂಟರ್ ಹೋಯಿತು. ಕುಪ್ಪುಸ್ವಾಮಿ ಎಂಬ ತಮಿಳು ಗಾರೆಯವನು ಬಾಂಡಲಿಯಲ್ಲಿ ಸಿಮೆಂಟು ಕಲಸಿಕೊಂಡು ತಂದು ಮುಂದೆ ಇಟ್ಟು, “ವಿಡು ಮೇಸ್ತ್ರಿ, ಅವನ್ ಕಲ್ಲು, ಅವನ್ ಕಾಸು. ನಮಗೆ ಎನ್ನ? ಸಾಯಂಕಾಲ ಮನೆಗೆ ಪೋದ್ರೆ ಹೆಂಡ್ತಿ ಬಿಸಿ ನೀರು ಕೊಡ್ತಾಳೆ, ಅದು ಸಾಕು,” ಎಂದ. ಕೋದಂಡಪ್ಪ ಮಂಡಿಯೂರಿ ಕೂತು, ತಾನೇ ಬಿಟ್ಟ ಸಂದಿಗಳಿಗೆ ಒಂದೊಂದಾಗಿ ತನ್ನ ಕೈಯಿಂದಲೇ ಸಿಮೆಂಟು ತುರುಕಿದ. ಸಂಜೆಯವರೆಗೂ ತುರುಕಿದ. ಉಗುರುಗಳ ಬುಡ ಸುಟ್ಟು ಕೆಂಪಗಾಯಿತು. ಒಂದೇ ಸಮಾಧಾನ ಇತ್ತು, ಊರಲ್ಲಿ ನನ್ನದೊಂದು ಇದೆ, ಅದನ್ನು ಮುಚ್ಚು ಎನ್ನುವ ಗಂಡಸು ಹುಟ್ಟಿಲ್ಲ.

ಮಳೆ ಅವನು ವಾಪಸ್ಸು ರೈಲಿನಲ್ಲಿದ್ದಾಗಲೇ ಶುರುವಾಗಿತ್ತು. ಬಂಗಾರಪೇಟೆಯಿಂದ ಊರಿಗೆ ಸೈಕಲ್ ತುಳಿಯಲಾಗದೆ ನೂಕಿಕೊಂಡು ನಡೆದ. ಚರ್ಮಕ್ಕೆ ಜಲ್ಲಿ ಎಸೆದಂತೆ ಹನಿ ಬೀಳುತ್ತಿತ್ತು. ಒದ್ದೆಯಾದಷ್ಟೂ ಅವನೊಳಗೆ ಒಂದು ಕೆಟ್ಟ ಸಂತೋಷ ಏರುತ್ತಿತ್ತು. ಬೀಳು, ಇನ್ನೂ ಬೀಳು. ಅಂಗಳದ ಕಲ್ಲುಗಳ ಮೇಲೆ ಹನಿ ಬಿದ್ದು ಮಾಯವಾಗುವುದನ್ನು, ಹೊಸಿಲ ಮೇಲೆ ಕೂತು ಹೆಂಡತಿ ಕೊಟ್ಟ ಬಿಸಿ ನೀರು ಕಾಲಿಗೆ ಸುರಿದುಕೊಳ್ಳುವುದನ್ನು, ಬೀಡಿ ಹಚ್ಚುವುದನ್ನು ಮನಸ್ಸಿನಲ್ಲೇ ಮಾಡಿ ಮುಗಿಸಿದ್ದ. ರಸ್ತೆಯ ಅಂಚಿಗೆ ಬಂದು ಕೆಳಗೆ ನೋಡಿದಾಗ ಮೊದಲು ಅರ್ಥವೇ ಆಗಲಿಲ್ಲ, ಇದು ಬೇರೆ ಯಾರದೋ ಮನೆ ಎಂದುಕೊಂಡ. ಅಂಗಳ ತುಂಬಿ ನಿಂತಿತ್ತು. ಕಲ್ಲು ಕಾಣಲಿಲ್ಲ. ಹೊಸಿಲು ಮುಳುಗಿ ನೀರು ಒಳಗೆ ಹೋಗುತ್ತಾ ಇತ್ತು. ಅಮ್ಮ ಬಾಗಿಲಲ್ಲಿ ನಿಂತು ತಟ್ಟೆಯಿಂದ ನೀರು ಎರಚುತ್ತಿದ್ದಳು, ವೆಂಕಟರತ್ನಮ್ಮ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ ಬಿಂದಿಗೆಯಿಂದ ತೋಡಿ ಹೊರಗೆ ಸುರಿಯುತ್ತಿದ್ದಳು. ಸುರಿದದ್ದು ಮತ್ತೆ ಒಳಗೇ ಬರುತ್ತಿತ್ತು. ರಸ್ತೆಯ ಮೇಲೆ ಗೋಣಿಕೊಪ್ಪೆಯವರು ನಿಂತಿದ್ದರು. ಅಶ್ವತ್ಥಪ್ಪನೂ ಇದ್ದ. “ಏನ್ಲಾ ಕೋದಂಡ, ನಿನ್ ಕಲ್ಲುಗಳು ಇವತ್ತು ಒಟ್ಟೆ ತುಂಬಾ ಕುಡ್ದವೆ, ಇನ್ನು ಬ್ಯಾಡ ಅಂತವೆ!” ಎಂದ. ಜನ ನಕ್ಕರು. ಕೆಟ್ಟ ಮನಸ್ಸಿನಿಂದ ನಕ್ಕದ್ದಲ್ಲ, ಆ ಮಾತಿಗೆ ಯಾರಾದರೂ ನಗುತ್ತಿದ್ದರು. ಕೋದಂಡಪ್ಪ ಸೈಕಲ್ಲನ್ನು ರಸ್ತೆಯಲ್ಲೇ ಬೀಳಿಸಿ ಕೆಳಗೆ ಹಾರಿದ.

ಹಾರೆ ಗೋಡೆಗೆ ಒರಗಿತ್ತು. ತೆಗೆದುಕೊಂಡ. ನೀರೊಳಗೆ ಕೈಯಾಡಿಸಿ ಹೊಸಿಲ ಮುಂದಿನ ಕಲ್ಲಿನ ಸಂದಿ ಹುಡುಕಿದ. ಬೆರಳಿಗೆ ಸಂದಿ ಸಿಗಲಿಲ್ಲ, ಜಿಗುಟು ಸಿಕ್ಕಿತು. ಹಾರೆ ಇಳಿಸಿ ಮೀಟಿದ. ಕಲ್ಲು ಎದ್ದಿತು, ಎದ್ದಾಗ ಬುಡದಿಂದ ಒಂದು ದಪ್ಪ ಹಸಿರುಗಪ್ಪು ಹೆಪ್ಪು ಕಲ್ಲಿಗೆ ಅಂಟಿಕೊಂಡೇ ಬಂತು. ಮೂಗಿಗೆ ಹಿಡಿಯಬೇಕಾಗಲಿಲ್ಲ. ಸಗಣಿ. ಒಂದು ದಿನದ್ದಲ್ಲ, ತಿಂಗಳುಗಳದ್ದು, ಪದರ ಪದರವಾಗಿ ಮರಳಿನೊಳಗೆ ಇಳಿದು ಅಂಟಾಗಿ ಕೂತದ್ದು. ಮಧ್ಯೆ ಮಧ್ಯೆ ರಂಗೋಲಿಯ ಬಿಳಿ ಪುಡಿ. ಬೆಳಿಗ್ಗೆ ಕಡ್ಡಿ ಹಿಡಿದು ಅವನು ಕೆರೆಯುತ್ತಿದ್ದದ್ದು ಮೇಲುಮೇಲಿನ ಒಂದು ಬೆರಳು ಮಾತ್ರ, ಬಂದದ್ದನ್ನು ರಸ್ತೆಯ ಕೊಳೆ ಎಂದುಕೊಂಡಿದ್ದ. ಸಂಜೆಯ ತೊಳೆದ ಕಲ್ಲುಗಳು ಕಣ್ಣ ಮುಂದೆ ಬಂದವು. ಓಹೋ. ತೊಳೆಯುತ್ತಿದ್ದದ್ದು ಅಕ್ಕರೆಗಲ್ಲ. ಬೆಳಿಗ್ಗೆ ನಾನು ಹೊರಟ ಮೇಲೆ ಸಾರಿಸುತ್ತಿದ್ದಳು, ಸಂಜೆ ನಾನು ಬರುವ ಮೊದಲು ನೀರು ಹೊಯ್ದು ಕಳ್ಳತನ ಮುಚ್ಚುತ್ತಿದ್ದಳು. ಒಂದೊಂದು ಬಿಂದಿಗೆ ನೀರೂ ಸಗಣಿಯನ್ನು ಒಳಗೊಳಗೆ ತಳ್ಳುತ್ತಿತ್ತು. ನಾನು ಉಬ್ಬಿ ಊಟ ಮಾಡುತ್ತಿದ್ದೆ. ಅವನು ತಿರುಗಿದ. ವೆಂಕಟರತ್ನಮ್ಮ ಬಿಂದಿಗೆ ಹಿಡಿದು ನಿಂತಿದ್ದಳು, ಕಲ್ಲಿಗೆ ಅಂಟಿದ್ದ ಹೆಪ್ಪು ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಬರೀ ಆಯಾಸ. “ತೊಳ್ದ್ರೆ ಓಯ್ತದೆ ಅಂದ್ಕೊಂಡಿದ್ದೆ,” ಎಂದಳು. “ನಂಗೊತ್ತಾಗ್ನಿಲ್ಲ.”

ಆಮೇಲಿನದ್ದನ್ನು ಅವನ ಕೈ ಮಾಡಿತು ಎಂದು ಹೇಳುವುದು ಸುಳ್ಳು. ಅವನೇ ಮಾಡಿದ. ಪ್ರತಿಯೊಂದೂ ಗೊತ್ತಿದ್ದು ಮಾಡಿದ. ಹಾರೆ ಕೆಳಗೆ ಹಾಕಿದ್ದು ಗೊತ್ತಿತ್ತು, ಹಾರೆಯಿಂದ ಹೊಡೆದರೆ ಸಾಯುತ್ತಾಳೆ ಎಂದು ಯೋಚಿಸಿದ್ದೂ ಗೊತ್ತಿತ್ತು. ತುರುಬಿಗೆ ಕೈ ಹಾಕಿ ಎಳೆದ. ಬಿಂದಿಗೆ ನೀರಲ್ಲಿ ಬಿತ್ತು. “ನೋಡೇ, ನೋಡು, ನಿನ್ ಮಕ ಆಕಿ ನೋಡು!” ಎಂದು ಕೂಗುತ್ತಾ ಅವಳ ತಲೆಯನ್ನು ಎದ್ದ ಕಲ್ಲಿನ ಕಡೆಗೆ ಬಗ್ಗಿಸಿದ. ಅವಳು ಎರಡು ಕೈಯಲ್ಲಿ ಅವನ ಮಣಿಕಟ್ಟು ಹಿಡಿದಳು. ಅಮ್ಮ ಕೂಗಿದಳು. ರಸ್ತೆಯ ಮೇಲಿನ ನಗು ನಿಂತಿತು. ನಿಂತದ್ದು ಕೇಳಿಸಿತು ಅವನಿಗೆ, ಕೇಳಿಸಿ ಸಿಟ್ಟು ಇನ್ನೂ ಹೆಚ್ಚಾಯಿತು. ಬೆಳಗಿನಿಂದ ಬಾಯಿಗೆ ಬಾರದೆ ಉಳಿದ ಎಲ್ಲ ಮಾತೂ ತೋಳಿಗೆ ಇಳಿಯಿತು. ಆಯ್ತು ಸಾರ್, ಎಂದು ಒಂದು ಸಲ ಬಡಿದ. ಆಯ್ತು ಸಾರ್, ಎಂದು ಇನ್ನೊಂದು ಸಲ. ಕಲ್ಲಿನ ಅಂಚು ಒರಟಾಗಿತ್ತು, ಚಾಣದಿಂದ ಕಡಿದವನು ಅವನೇ. ಎರಡನೆಯ ಸಲ ಬಂದ ಶಬ್ದ ಬೇರೆ ಥರ ಇತ್ತು. ಅವನ ಮಣಿಕಟ್ಟು ಹಿಡಿದಿದ್ದ ಕೈಗಳು ಬಿಟ್ಟವು. ಅವಳು ಮಗ್ಗುಲಾಗಿ ಕಲ್ಲಿನ ಮೇಲೆ ಬಿದ್ದಳು, ಹಣೆಯಿಂದ ರಕ್ತ ಬಂದು ನೀರಿನ ಮೇಲೆ ಹರಡಿತು. ಅವನು ನಿಂತು ನೋಡಿದ. ಅದು ಕೆಳಗೆ ಇಳಿಯುತ್ತದೆ ಎಂದು ಕಾದ. ಇಳಿಯಲಿಲ್ಲ, ಅಂಗಳದ ತುಂಬ ತಿಳಿಯಾಗಿ ಹರಡಿ ಹೊಸಿಲು ದಾಟಿ ಒಳಗೆ ಹೋಯಿತು.

ಡೈರಿಯ ಹಾಲಿನ ವ್ಯಾನು ತಂದವನು ಅಶ್ವತ್ಥಪ್ಪ. ಕ್ಯಾನುಗಳನ್ನು ರಸ್ತೆಗೆ ಉರುಳಿಸಿ ಜಾಗ ಮಾಡಿ, ವೆಂಕಟರತ್ನಮ್ಮನನ್ನು ತಾನೇ ಎತ್ತಿ ಮಲಗಿಸಿದ. ಕೋದಂಡಪ್ಪ ಕೈ ಚಾಚಿದಾಗ, “ಮುಟ್ಬ್ಯಾಡ,” ಎಂದ. ಬಂಗಾರಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದರು. ಕೋದಂಡಪ್ಪ ಬಾಯಿ ತೆರೆದ, ಅಮ್ಮ ಮುಂದೆ ಬಂದು, “ಕಾಲ್ ಜಾರಿ ಬಿದ್ಲು ಸ್ವಾಮಿ, ಕಲ್ಲು ಪಾಚಿ ಕಟ್ಟಿತ್ತು,” ಎಂದಳು. ನನ್ನ ಕಲ್ಲಿಗೆ ಪಾಚಿ ಎಲ್ಲಿಂದ ಬರಬೇಕು ಎಂಬ ಮಾತು ಅವನಿಗೆ ನಾಲಿಗೆ ತುದಿಗೆ ಬಂತು. ಆ ಹೊತ್ತಿನಲ್ಲೂ ಬಂತು. ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕು ಅನ್ನಿಸಿತು. ತಲೆಬುರುಡೆ ಸೀಳಿದೆ, ಎಚ್ಚರ ಬಂದರೆ ಬಂತು, ನಾಳೆ ಸಂಜೆಯವರೆಗೆ ಏನೂ ಹೇಳುವಂತಿಲ್ಲ ಎಂದರು ಡಾಕ್ಟರು. ಮಂಚದ ಮೇಲೆ ವೆಂಕಟರತ್ನಮ್ಮನ ತಲೆ ಬಟ್ಟೆಯ ಉಂಡೆಯಾಗಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಬಲಗೈ ಹೊದಿಕೆಯ ಹೊರಗಿತ್ತು. ಅದರ ಉಗುರುಗಳ ಬುಡದಲ್ಲಿ ಹಸಿರು ಕಟ್ಟಿಕೊಂಡಿತ್ತು, ಇವತ್ತು ಬೆಳಗಿನದು. ಅಮ್ಮ ಅವನ ಕಡೆ ನೋಡದೆ ಗೋಡೆಗೆ ಹೇಳುವ ಹಾಗೆ ಹೇಳಿದಳು: “ನೀನು ಸೈಕಲ್ ಅತ್ತಿ ಆ ತಿರುವು ದಾಟೋಗಂಟ ಬಾಕ್ಲಲ್ಲೇ ನಿಂತಿರ್ತಿದ್ಲು. ದಾಟ್ತಿದ್ದಂಗೆ ಬಗ್ಗಡ ಕಲ್ಸೋಳು. ಯಾಕೇ ತಾಯಿ, ಅವ್ನಿಗೆ ಗೊತ್ತಾದ್ರೆ ಕೊಂದಾಕ್ತಾನೆ ಅಂದೆ. ಅವ್ರು ರೈಲ್ ಅತ್ತಿ ಆ ಊರ್‌ಗೋಯ್ತಾರೆ ಅತ್ತೆ, ಸಂಜೆಗೆ ಮನೇಗ್ ಬರ್ಬೇಕಲ್ಲ ಅಂದ್ಲು. ಬಂದ್ಯಲ್ಲ. ದಿನಾ ಬಂದ್ಯಲ್ಲಪ್ಪಾ ನೆಟ್ಟಗೆ.” ಅವನು ನೆಲದ ಮೇಲೆ ಕೂತ. ಉರಿಗಾಂನ ಬೋಳು ಅಂಗಳ ದಾಟಿ ಹೋದ ಆ ಮುಖವಿಲ್ಲದ ಮಾವ, ಬಂಡೆಗೇನು ಕಣ್ಣಿದೆಯಾ ಎಂದು ನಕ್ಕ ತಾನು, ತನ್ನ ಮುಖವನ್ನೇ ನೋಡುತ್ತಿದ್ದ ಹೊಸ ಹೆಂಡತಿ, ಎಲ್ಲ ಒಂದೇ ಸಲ ಬಂದು ಎದೆಯ ಮೇಲೆ ಕೂತಿತು. ಅಳು ಬರಲಿಲ್ಲ. ಬಂದಿದ್ದರೆ ಅಮ್ಮ ಹೊಡೆಯುತ್ತಿದ್ದಳು, ಹೊಡೆಯಲಿ ಎಂದೇ ಅವನು ಕಾದಿದ್ದ. ಅವಳು ಹೊಡೆಯಲಿಲ್ಲ. “ಎಮ್ಮೆ ಕರೀಬೇಕು, ಓಗು,” ಎಂದಳು.

ಅವನು ಊರಿಗೆ ಬಂದಾಗ ಬೆಳಗಾಗಿತ್ತು, ಮಳೆ ನಿಂತಿತ್ತು. ಅಂಗಳದ ನೀರೂ ಮನೆಯೊಳಗಿನ ನೀರೂ ಮೆಲ್ಲಗೆ ಇಳಿದು ಒಳಗೆ ಕೆಸರು ಉಳಿದಿತ್ತು. ಅಂಗಳದಲ್ಲಿ ಎತ್ತಿದ ಕಲ್ಲು ಎತ್ತಿದ ಹಾಗೇ ಇತ್ತು, ಅದರ ಅಂಚನ್ನು ಮಳೆ ತೊಳೆದುಹಾಕಿತ್ತು. ಡೈರಿಗೆ ಹೊರಟ ಹೆಂಗಸರು ಕ್ಯಾನು ಚೊಂಬು ಹಿಡಿದು ರಸ್ತೆಯ ಮೇಲೆ ಬಂದರು. ಬಂದವರು ನಿಂತರು. ಎರಡು ವರ್ಷದಿಂದ ಡೈರಿಯ ಹೊತ್ತಿಗೆ ನೋಡುತ್ತಿದ್ದ ಅದೇ ಬೋಳು ಅಂಗಳ, ಆದರೆ ಇವತ್ತು ಅವರು ನೋಡಿದ ರೀತಿ ಬೇರೆ. ನರಸಮ್ಮ ಎಂಬ ಮುದುಕಿ ಚೊಂಬು ಕೆಳಗಿಟ್ಟು ಚಪ್ಪಲಿ ಬಿಟ್ಟಳು. “ಅಯ್ಯೋ ನನ್ನವ್ವಾ, ರತ್ನಾ...” ಎಂದು ಎದೆಗೆ ಕೈ ಹೊಡೆದುಕೊಂಡು ಅಂಗಳಕ್ಕೆ ಇಳಿಯತೊಡಗಿದಳು. ಹಿಂದಿನವರೂ ಸೆರಗು ಬಾಯಿಗೆ ಹಿಡಿದರು. “ಸತ್ತಿಲ್ಲ!” ಎಂದು ಕೋದಂಡಪ್ಪ ಕಿರುಚಿದ. “ಸತ್ತಿಲ್ಲ ಕಣ್ರೇ, ಆಸ್ಪತ್ರೇಲವ್ಳೆ, ಉಸ್ರಾಡ್ತಾವ್ಳೆ!” ಅವರು ಅವನ ಮುಖ ನೋಡಿದರು, ಅಂಗಳ ನೋಡಿದರು. ಅಂಗಳವನ್ನೇ ನಂಬಿದರು. ಅಷ್ಟು ಹೊತ್ತಿಗೆ ಅಶ್ವತ್ಥಪ್ಪ ಬಂದ. ರಸ್ತೆಯ ಅಂಚಿಗೆ ಬಂದು ನಿಂತ, ಎಂದಿನ ಜಾಗದಲ್ಲಿ. ಕೋದಂಡಪ್ಪ ಅವನ ಬಾಯನ್ನೇ ನೋಡಿದ. ಕೇಳು, ಎಂದುಕೊಂಡ. ಕೇಳಪ್ಪಾ, ನಿನ್ನ ಕಾಲು ಹಿಡೀತೀನಿ, ಕೇಳು. ಅಶ್ವತ್ಥಪ್ಪ ಕೇಳಲಿಲ್ಲ. ತಲೆಗೆ ಸುತ್ತಿದ್ದ ಟವಲ್ಲನ್ನು ನಿಧಾನವಾಗಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಕೋದಂಡಪ್ಪ ಕೊಟ್ಟಿಗೆಗೆ ಓಡಿದ. ಎಮ್ಮೆಯ ಕಾಲ ಕೆಳಗಿನ ಸಗಣಿಯನ್ನು ಎರಡು ಕೈಯಿಂದ ಬಾಚಿ ಬಾಂಡಲಿಗೆ ತುಂಬಿದ, ನೀರು ಹೊಯ್ದ, ಸಿಮೆಂಟು ಕಲಸುವವನ ಹಾಗೆ ಕಲಸಿದ. ತಂದು ಹೊಸಿಲ ಮುಂದೆ ಸುರಿದ. ಪೊರಕೆ ಹಿಡಿಯುವ ರೀತಿ ಗೊತ್ತಿರಲಿಲ್ಲ, ಅಂಗೈಯಿಂದಲೇ ಬಳಿದ. ಎತ್ತಿದ ಕಲ್ಲನ್ನು ಒದ್ದು ಜಾಗಕ್ಕೆ ಕೂರಿಸಿ ಅದರ ಸಂದಿಗೂ ತುರುಕಿದ. ತಾನು ಕಡ್ಡಿಯಿಂದ ಕೆರೆದು ಕೆರೆದು ಕಾಪಾಡಿದ ಒಂದೊಂದು ಸಂದಿಯನ್ನೂ ಹುಡುಕಿ, ಹೆಬ್ಬೆರಳಿಂದ ಒತ್ತಿ, ಮುಚ್ಚಿ, ಸವರಿದ. ನಿನ್ನೆಯ ಸುಟ್ಟ ಉಗುರುಗಳು ಧಗಧಗ ಉರಿದವು. ಮತ್ತೆ ಓಡಿದ, ಮತ್ತೆ ತಂದ. ರಸ್ತೆಯ ಕಟ್ಟೆಯವರೆಗೂ ಬಳಿದ. ಒಳಗೆ ಹೋಗಿ ಗೂಡುಗೂಡು ತಡಕಾಡಿ, ಅವನ ಕಣ್ಣಿಗೆ ಬೀಳದಿರಲೆಂದು ಅವಳು ಬೇಳೆ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ರಂಗೋಲಿ ಬಟ್ಟಲು ತಂದ. ಚುಕ್ಕಿ ಇಡಲು ಬರಲಿಲ್ಲ. ಅವನ ಕೈಗೆ ಬರುತ್ತಿದ್ದದ್ದು ಮೇಸ್ತ್ರಿಯ ದಾರದ ಗೆರೆ ಮಾತ್ರ, ಇವತ್ತು ಅದೂ ನೆಟ್ಟಗೆ ಬರಲಿಲ್ಲ. ಹಸಿ ಸಗಣಿಯ ಮೇಲೆ ಪುಡಿ ಉಂಡೆ ಉಂಡೆಯಾಗಿ ಬಿತ್ತು. ಒಂದು ಅಡ್ಡ ಗೆರೆ ಎಳೆದ, ಒಂದು ಉದ್ದ ಗೆರೆ ಎಳೆದ, ಅದರ ಮೇಲೆ ಇನ್ನೊಂದು. ನರಸಮ್ಮ ಅಳುವುದನ್ನು ನಿಲ್ಲಿಸಿ ಕಟ್ಟೆಯ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಯಾರೂ ಹೋಗಲಿಲ್ಲ. ಮೂಡಲಲ್ಲಿ ಮತ್ತೆ ಕಪ್ಪಿಡುತ್ತಿತ್ತು, ಗುಡುಗಿತು. ಕೋದಂಡಪ್ಪ ಮೊಣಕೈವರೆಗೆ ಹಸಿರಾದ ತೋಳುಗಳನ್ನು ಇಳಿಬಿಟ್ಟು ಅಂಗಳದ ನಡುವೆ ಮಂಡಿಯೂರಿ, ತಲೆ ಎತ್ತಿ ಅಶ್ವತ್ಥಪ್ಪನನ್ನು ನೋಡಿದ.

“ಯಾರೂ ಓಗಿಲ್ಲ ಕಣಣ್ಣಾ,” ಎಂದ.